ಹಿಂದಿನ ಕಿಟಕಿಯ ಲೋಟ

ದರ್ಜಿ ಅಕ್ಕನ ಕಾಲು ಅವಳನ್ನು ಹಿಂದಿನ ಓಣಿಗೇ ತಂದು ನಿಲ್ಲಿಸಿತ್ತು. ಎದುರಿಗೆ ಪಾನಶಾಲೆಯ ಹಿಂಗೋಡೆ. ಒಂದು ಕಾಲಕ್ಕೆ ಕಿಟಕಿಯಿದ್ದ ಜಾಗವನ್ನು ಇಟ್ಟಿಗೆಯಿಟ್ಟು ಮುಚ್ಚಿ ಸುಣ್ಣ ಬಳಿದಿದ್ದರು. ಎಷ್ಟು ಬಳಿದರೇನು, ಚೌಕಟ್ಟಿನ ಗೆರೆ ಎದ್ದು ಕಾಣುತ್ತಿತ್ತು.

"ಅಯ್ಯೋ ಅಕ್ಕ, ಮುಂಬಾಗಿಲು ಆ ಕಡೆ ಅಲ್ವಾ!" ಅನ್ನುತ್ತ ಬೈಂಡರ್ ಏದುಸಿರು ಬಿಟ್ಟುಕೊಂಡು ಬಂದ. ಪುಸ್ತಕಗಳಿಗೆ ರಟ್ಟು ಕಟ್ಟಿ ಕಟ್ಟಿ ಬೆನ್ನು ಬಾಗಿದ ಮುದುಕ. ಅವಳ ಸತ್ತ ತಮ್ಮನ ಜೀವದ ಗೆಳೆಯ. "ಹುಟ್ಟುಗುಣ ಸುಟ್ರೂ ಹೋಗಲ್ಲ ಅಂತಾರಲ್ಲ, ಹಾಗಾಯ್ತು ನಿಂದು."

"ಹುಟ್ಟುಗುಣ ಅಲ್ವೋ, ಹೊಡೆದು ಕಲಿಸಿದ ಗುಣ. ಅದು ಇನ್ನೂ ಗಟ್ಟಿ," ಅಂದಳು ಅಕ್ಕ.

ಅವತ್ತು ಊರಿಗೆಲ್ಲ ರಜೆ. ಎಷ್ಟೋ ವರ್ಷಗಳ ಹಿಂದೆ ಬಾಗಿಲ ಕಾಯಿದೆ ರದ್ದಾದ ದಿನ. ಇಂಥವರು ಮುಂಬಾಗಿಲಿಂದ, ಇಂಥವರು ಹಿಂದಿನ ಕಿಟಕಿಯಿಂದ ಅಂತ ಮನುಷ್ಯರನ್ನು ವಿಂಗಡಿಸುತ್ತಿದ್ದ ಕಾಯಿದೆ ಅದು. ಈಗಿನವರಿಗೆ ಬೆಳಿಗ್ಗೆ ಒಂದು ಭಾಷಣ, ಮಧ್ಯಾಹ್ನ ಗಡದ್ದಾಗಿ ಊಟ, ನಿದ್ದೆ. ತಪ್ಪೇನೂ ಇಲ್ಲ ಬಿಡಿ, ನಿದ್ದೆಯೂ ಒಂದು ಹಕ್ಕೇ. ಆದರೆ ಅಕ್ಕ ಆ ದಿನ ಕಣ್ಣು ಮುಚ್ಚಿದ್ದೇ ಇಲ್ಲ.

ಕಾಯಿದೆಯಿದ್ದ ಕಾಲದಲ್ಲಿ ಅವಳ ತಮ್ಮ ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುತ್ತಿದ್ದ. ಸಿಕ್ಕಿದ್ದೆಲ್ಲ ಓದುವವನು, ಓಣಿಯವರು 'ಹುಳ' ಅಂತಲೇ ಹೆಸರಿಟ್ಟಿದ್ದರು. ಸಂಜೆಯಾದರೆ ಅಕ್ಕನೂ ಸೇರಿ ಅವರೆಲ್ಲ ಈ ಕಿಟಕಿಯ ಕೆಳಗೆ ಸಾಲು ನಿಂತು, ಮನೆಯಿಂದ ತಂದ ತಗಡಿನ ಲೋಟವನ್ನು ತಲೆಗಿಂತ ಮೇಲೆ ಹಿಡಿಯಬೇಕಿತ್ತು. ಒಳಗಿನವನು ಲೋಟ ಮುಟ್ಟದೆ ಮೇಲಿನಿಂದ ಸುರಿಯುತ್ತಿದ್ದ, ಅದೂ ಪೀಪಾಯಿಯ ತಳದ ಚರಟ. ಹುಳನಿಗೆ ಆಗ ಒಂದು ಕಾದಂಬರಿಯ ಹುಚ್ಚು ಹಿಡಿದಿತ್ತು. ದೋಣಿ ನಡೆಸುವ ಹೆಂಗಸಿನ ಕತೆ. ಅವಳು ದಡ ಸೇರುತ್ತಾಳೋ ಇಲ್ಲವೋ ಅನ್ನುವ ಕೊನೆಯ ಅಧ್ಯಾಯವನ್ನು ಬೇಕೆಂದೇ ಉಳಿಸಿಕೊಂಡಿದ್ದ.

"ಅದನ್ನ ಒಳಗಡೆ ಕೂತು ಓದ್ತೀನಿ ಅಕ್ಕ. ಗಾಜಿನ ಗ್ಲಾಸಲ್ಲಿ ಒಳ್ಳೇ ವೈನ್ ಇಟ್ಕೊಂಡು."

ಹೇಳಿದಂತೆ ಒಂದು ದಿನ ಬೈಂಡರನನ್ನು ಕರೆದುಕೊಂಡು ಮುಂಬಾಗಿಲಿಂದಲೇ ಹೋಗಿ ಕೂತ. ಯಾರೂ ಏನೂ ಕೊಡಲಿಲ್ಲ. ಇವನು ಜಪ್ಪಯ್ಯ ಅಂದರೂ ಏಳಲಿಲ್ಲ. ಮೊದಲು ಗ್ಲಾಸ್ ಬರಲಿ, ಆಮೇಲೆ ಓದುತ್ತೇನೆ ಅಂತ ಪುಸ್ತಕವನ್ನು ಮುಂದಿಟ್ಟುಕೊಂಡು ಕೂತೇ ಇದ್ದ. ಪೊಲೀಸರು ಇಬ್ಬರನ್ನೂ ಎಳೆದೊಯ್ದರು. ಬೈಂಡರ್ ಹಲ್ಲು ಮುರಿಸಿಕೊಂಡು ವಾಪಸು ಬಂದ. ಹುಳನ ಹೆಣ ಬಂತು, ಹೆಣದ ಜೊತೆ ಪುಸ್ತಕ ಬಂತು.

ಈಗ ಹಳೇ ಮಾಲೀಕನ ಮೊಮ್ಮಗಳು ಪಾನಶಾಲೆ ನಡೆಸುತ್ತಿದ್ದಳು. ರಜೆಯ ಮಧ್ಯಾಹ್ನ ಯಾರು ಬೇಕಾದರೂ ಬಂದು ಮೆಚ್ಚಿನ ಪುಸ್ತಕ ಓದಬಹುದು ಅಂತ ಬೋರ್ಡು ಹಾಕಿದ್ದಳು. ಅದನ್ನು ಕಂಡಾಗಿನಿಂದ ಬೈಂಡರ್ ಬೆನ್ನು ಬಿಡಲಿಲ್ಲ. "ನಾವು ಸಾಯೋಕ್ ಮುಂಚೆ ಅವನ ಅಧ್ಯಾಯ ಮುಗಿಸ್ಬೇಕು ಅಕ್ಕ. ಇಲ್ಲಾಂದ್ರೆ ಅವನು ಕೂತೇ ಇರ್ತಾನೆ."

ಎಲ್ಲಿ ಕೂತಿರುತ್ತಾನೆ ಅಂತ ಅಕ್ಕ ಕೇಳಲಿಲ್ಲ. ಹೊಲಿಗೆ ಯಂತ್ರ ನಿಂತಾಗಲೆಲ್ಲ ಬೆನ್ನ ಹಿಂದೆ ಯಾರೋ ಕುರ್ಚಿ ಎಳೆದುಕೊಂಡು ಕೂತ ಸದ್ದು ಅವಳಿಗೂ ಕೇಳುತ್ತಿತ್ತು.

ಮುಂಬಾಗಿಲಿಂದ ಒಳಗೆ ಹೋದರು. ಬೀದಿ ಕಾಣುವ ಮೇಜಿನ ಹತ್ತಿರ ಬೈಂಡರ್ ನಿಂತು, "ಅವತ್ತು ಕೂತಿದ್ದು ಇಲ್ಲೇ," ಅಂದ. ಅಕ್ಕ ಕೂತಳು. ಎದುರಿನ ಕುರ್ಚಿಯನ್ನು ಬಿಟ್ಟು ಅವನು ಪಕ್ಕದಲ್ಲೊಂದು ಸ್ಟೂಲು ಎಳೆದುಕೊಂಡ.

ಮಾಲಕಿ ತಾನೇ ಬಂದು ಗ್ಲಾಸ್ ಇಟ್ಟಳು. "ನಮ್ಮಲ್ಲಿರೋದ್ರಲ್ಲೇ ಒಳ್ಳೇದು ಅಜ್ಜಿ," ಅಂತ ಬಾಟಲಿ ಬಾಗಿಸಿದಳು. ಅಷ್ಟೇ. ಅಕ್ಕನ ಕೈ ಚೀಲದೊಳಗೆ ಹೋಯಿತು, ತಗಡಿನ ಲೋಟ ತೆಗೆಯಿತು, ತಲೆಗಿಂತ ಮೇಲೆ ಎತ್ತಿ ಹಿಡಿಯಿತು. ಮನೆಯಿಂದ ಹೊರಡುವಾಗ ಅದನ್ನು ಚೀಲಕ್ಕೆ ಹಾಕಿಕೊಂಡದ್ದು ಅವಳಿಗೇ ಗೊತ್ತಿರಲಿಲ್ಲ.

"ಅಯ್ಯೋ, ನಮ್ಮ ಗ್ಲಾಸ್ ತೊಳೆದಿರೋದೇ ಅಜ್ಜಿ," ಅಂದು ನಕ್ಕ ಮಾಲಕಿ, ಆ ಎತ್ತಿದ ಕೈ ನೋಡಿ ನಗು ನಿಲ್ಲಿಸಿದಳು. ಬೈಂಡರ್ ಮುಖ ಆ ಕಡೆ ತಿರುಗಿಸಿಕೊಂಡ. "ನಮ್ಮ ತಾತ..." ಅಂತ ಅವಳು ಏನೋ ಹೇಳಹೊರಟಳು.

ಅಕ್ಕನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆಮೇಲೆ ಸಿಟ್ಟು ಬಂತು, ತನ್ನ ಕೈಯ ಮೇಲೇ. ನಿಧಾನವಾಗಿ ಕೈ ಇಳಿಸಿದಳು.

"ಆ ಗ್ಲಾಸ್ ಎದುರಿಗೆ ಇಡಮ್ಮ. ತುಂಬಾ ಹಾಕು. ನಂಗೆ ಇದರಲ್ಲೇ ಕೊಡು."

ಮಾಲಕಿ ಆ ಗ್ಲಾಸನ್ನು ಎದುರಿನ ಖಾಲಿ ಕುರ್ಚಿಯ ಮುಂದೆ ಸರಿಸಿ ಅಂಚಿನವರೆಗೆ ತುಂಬಿದಳು. ಆಮೇಲೆ ತಗಡಿನ ಲೋಟವನ್ನು ತನ್ನ ಕೈಯಲ್ಲಿ ಹಿಡಿದುಕೊಂಡು ಸುರಿದಳು. ಅಕ್ಕ ಒಂದು ಗುಟುಕು ಕುಡಿದಳು. ಚರಟವೇ ಇಲ್ಲ, ತಿಳಿಯಾಗಿ ಗಂಟಲಿಗಿಳಿಯಿತು. "ಹಾಳಾದ್ದು, ಇಷ್ಟು ಚೆನ್ನಾಗಿರುತ್ತಾ ಇದು!" ಅಂದಳು. ಕಣ್ಣಲ್ಲಿ ನೀರು ಬಂತು.

ಚೀಲದಿಂದ ಹುಳನ ಪುಸ್ತಕ ತೆಗೆದು ಕೊನೆಯ ಅಧ್ಯಾಯ ಓದತೊಡಗಿದಳು. ಸ್ವಲ್ಪ ಹೊತ್ತಿಗೆ ಬೈಂಡರ್ ಬೆಚ್ಚಿ ಅವಳ ಮುಖ ನೋಡಿದ. ಹುಳ ಉಸಿರು ತೆಗೆದುಕೊಳ್ಳುತ್ತಿದ್ದ ಹಾಗೆಯೇ ಅವಳು ತೆಗೆದುಕೊಳ್ಳುತ್ತಿದ್ದಳು. ದೋಣಿ ಸುಳಿ ದಾಟಿತು, ಹುಟ್ಟು ಮುರಿಯಿತು. ದೂರದಲ್ಲಿ ದೀಪ ಕಂಡಿತು. ಕೊನೆಯ ಪುಟಕ್ಕೆ ಬಂದು ಅಕ್ಕ ನಿಲ್ಲಿಸಿದಳು. ಪುಸ್ತಕವನ್ನು ತಿರುಗಿಸಿ, ಎದುರಿನ ಕುರ್ಚಿಗೆ ಮುಖ ಮಾಡಿ ಗ್ಲಾಸಿನ ಪಕ್ಕ ಇಟ್ಟಳು.

"ಓದಕ್ಕ, ದಡ ಸಿಕ್ತಾ ಅವಳಿಗೆ?"

"ಅದನ್ನ ಅವನು ಓದ್ಲಿ."

ಜನ ಒಬ್ಬೊಬ್ಬರೇ ಎದ್ದು ಹೋದರು. ಬಿಸಿಲು ಮೇಜಿನಿಂದ ಇಳಿದು ನೆಲಕ್ಕೆ ಬಂತು. ಮಾಲಕಿ ಒರೆಸುವ ಬಟ್ಟೆ ಹಿಡಿದು ಬಂದು, ತುಂಬಿದಂತೆಯೇ ಇದ್ದ ಗ್ಲಾಸ್ ನೋಡಿ ಮೆಲ್ಲಗೆ ಕೇಳಿದಳು:

"ಇದನ್ನ ತೆಗೀಲಾ ಅಜ್ಜಿ?"

"ತಾಳಮ್ಮ," ಅಂದಳು ಅಕ್ಕ. "ಅವನಿಗೆ ಇವತ್ತು ತಾನೇ ಕೊಟ್ಟಿರೋದು."

ಮಾಲಕಿ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಪಕ್ಕದ ಮೇಜಿಗೆ ಹೋದಳು, ಎದುರಿನ ಕುರ್ಚಿಯಲ್ಲಿ ಕೂತವನಿಗೆ ತಾಗದ ಹಾಗೆ ಸ್ವಲ್ಪ ಸುತ್ತು ಹಾಕಿ.