ಜಲಪಾತದ ದಾರಿಯಲ್ಲಿ ನಾಲ್ಕು ಸೀಟಿ

ಕಾಡಿಗೆ ಹೊರಡುವ ಹಿಂದಿನ ದಿನ ಬೀಗ ರಿಪೇರಿಯವನು ನಾಲ್ಕು ಸೀಟಿ ಕೊಂಡ. ಮನೆಯವರೆಲ್ಲರ ಒಳ್ಳೆಯದಕ್ಕೇ ಕೊಂಡದ್ದು. ಆದರೆ ಅದರಿಂದ ತನ್ನ ತಲೆಯ ಮೇಲೆ ತಾನೇ ಚಪ್ಪಡಿ ಎಳೆದುಕೊಳ್ಳುತ್ತಿದ್ದೇನೆ ಎಂದು ಅವನಿಗೆ ಹೊಳೆಯಲಿಲ್ಲ.

ಅವನ ಅಂಗಡಿ ಎಂದರೆ ಚಪ್ಪಲಿ ಅಂಗಡಿಗೂ ಜೆರಾಕ್ಸ್ ಅಂಗಡಿಗೂ ನಡುವೆ ಸಿಕ್ಕಿಹಾಕಿಕೊಂಡ ಒಂದು ಗೂಡು. ಒಬ್ಬ ಗಿರಾಕಿ ಒಳಗೆ ಬಂದರೆ ಇನ್ನೊಬ್ಬ ಬೀದಿಯಲ್ಲೇ ನಿಲ್ಲಬೇಕು. ಗೋಡೆಯ ತುಂಬ ಮೊಳೆಗಳಿಗೆ ನೇತುಬಿದ್ದ, ಇನ್ನೂ ಹಲ್ಲು ಬಾರದ ಕೀಲಿಗಳು. ಮೂಲೆಯಲ್ಲಿ ಅವುಗಳಿಗೆ ಹಲ್ಲು ಕೊರೆಯುವ ಯಂತ್ರ, ಅದರ ಕೆಳಗೆ ಎಷ್ಟು ಗುಡಿಸಿದರೂ ಮುಗಿಯದ ಹಿತ್ತಾಳೆ ಪುಡಿ. ಬೀಗ ತೆರೆಯಲು ಯಾರಾದರೂ ಮನೆಗೆ ಕರೆದರೆ ಅವನದೊಂದು ನಿಯಮವಿತ್ತು. ಇದು ಇವರದೇ ಮನೆ ಎಂದು ಯಾರಾದರೂ ಹೇಳಬೇಕು. ಹೇಳದಿದ್ದರೆ ಬಾಗಿಲಿಗೆ ಕೈ ಹಚ್ಚುತ್ತಿರಲಿಲ್ಲ, ಕರೆದವರು ಬೈದರೂ ಸರಿ.

ಹೆಂಡತಿ ಸಿಕ್ಕಿದ್ದೂ ಈ ನಿಯಮದಿಂದಲೇ. ಆಗ ಅವಳು ಹೆಂಡತಿಯಲ್ಲ, ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ, ಮಗಳೊಬ್ಬಳನ್ನು ಸಾಕುತ್ತಿದ್ದ ಹೆಂಗಸು. ಒಂದು ಸಂಜೆ ಕೀಲಿಯನ್ನು ಒಳಗೇ ಬಿಟ್ಟು ಬಾಗಿಲು ಎಳೆದುಕೊಂಡಿದ್ದಳು. ಅವಳ ತಾಯಿಯೂ ಪಕ್ಕದ ಮನೆಯವರೂ ಊರಲ್ಲಿರಲಿಲ್ಲ. "ನಿಮ್ಮ ಮನೇನೇ ಅಂತ ಹೇಳೋರು ಯಾರಾದ್ರೂ ಇದ್ದಾರಾ?" ಎಂದು ಇವನು ಕೇಳಿದಾಗ ಅವಳಿಗೆ ಸಿಟ್ಟು ನೆತ್ತಿಗೇರಿತು. ಆಗ ಮಗಳೇ ಮುಂದೆ ಬಂದಳು. "ನಾನು ಹೇಳ್ತೀನಿ. ಬಾಗಿಲ ಹಿಂದೆ ನನ್ನ ಹಳದಿ ಕೊಡೆ ಇದೆ. ಅದರ ಒಂದು ಕಡ್ಡಿ ಮುರಿದಿದೆ." ಬಾಗಿಲು ತೆರೆದಾಗ ಹಳದಿ ಕೊಡೆಯೂ ಇತ್ತು, ಕಡ್ಡಿಯೂ ಮುರಿದಿತ್ತು.

ಅಂದಿನಿಂದ ಆ ಹುಡುಗಿಗೆ, ಎಲ್ಲರೂ ಚೂಟಿ ಎನ್ನುತ್ತಿದ್ದ ಆ ಹುಡುಗಿಗೆ, ಇವನು 'ಕೀಲಿ ಮಾಮ'. ಶಾಲೆಯಿಂದ ಬರುವಾಗ ರಸ್ತೆಯ ಆ ಬದಿಯಿಂದಲೇ "ಕೀಲಿ ಮಾಮಾ!" ಎಂದು ಕೂಗುವಳು. ಇವನು ಕೊರೆಯುವಾಗ ಕೆಟ್ಟುಹೋದ ಕೀಲಿಯೊಂದನ್ನು ಕೊಡುವನು. ಅಂಥವನ್ನೆಲ್ಲ ಅವಳು ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಜೋಪಾನ ಮಾಡಿದ್ದಳು. ಹೀಗೇ ಮಾತು ಬೆಳೆದು, ಪರಿಚಯ ಗಟ್ಟಿಯಾಗಿ, ಕಳೆದ ವರ್ಷ ಅವಳಮ್ಮನಿಗೂ ಇವನಿಗೂ ಮದುವೆಯಾಯಿತು.

ರಗಳೆ ಶುರುವಾದದ್ದು ಮದುವೆಯಾದ ಮರುದಿನ, ಊಟದ ಮೇಜಿನಲ್ಲಿ. "ಕೀಲಿ ಮಾಮ, ಉಪ್ಪು ಕೊಡಿ" ಎಂದಳು ಚೂಟಿ. ಅಜ್ಜಿಯ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ಅಜ್ಜಿ ಎಂದರೆ ಹೆಂಡತಿಯ ತಾಯಿ. ಅವರದೂ ಅದೇ ಮನೆ, ಮನೆಯ ಕಾನೂನೂ ಅವರದೇ.

"ಮಾಮ ಅಂದ್ರೆ ಅಮ್ಮನ ಅಣ್ಣನೋ ತಮ್ಮನೋ ಆಗ್ಬೇಕು ಕಣೇ! ನನ್ನ ಅಳಿಯನ್ನ ತಂದು ನನ್ನ ಮಗ ಮಾಡ್ತೀಯಾ? ಕೇಳಿದೋರು ಏನಂದ್ಕೋತಾರೆ? ಚಿಕ್ಕಪ್ಪ ಅನ್ನು."

"ಚಿಕ್ಕಪ್ಪ ಯಾಕಮ್ಮ? ಅಪ್ಪ ಅನ್ನಲಿ" ಎಂದಳು ಹೆಂಡತಿ.

"ಅಪ್ಪ ಇದ್ದಾರಲ್ಲ" ಎಂದಳು ಚೂಟಿ. "ಭಾನುವಾರ ಫೋನ್ ಮಾಡ್ತಾರಲ್ಲ."

ಬೇರೆ ಊರಲ್ಲಿದ್ದರೂ, ಅಮ್ಮನ ಜೊತೆ ಮಾತು ಬಿಟ್ಟಿದ್ದರೂ, ಅವಳಿಗೆ ಅಪ್ಪ ಇದ್ದದ್ದು ನಿಜ. 'ಬಿಡಿ, ಅವಳಿಗೆ ಬಂದ ಹಾಗೆ ಕರೀಲಿ' ಎಂದು ಬೀಗ ರಿಪೇರಿಯವನು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಅಪ್ಪ ಎಂದರೂ ಎಂದಾಳು ಎಂಬ ಆಸೆ ಅವನ ಮನಸ್ಸಿನ ಮೂಲೆಯಲ್ಲಿ ಕೂತಿತ್ತು. ತಲೆ ತಗ್ಗಿಸಿ ಊಟ ಮುಗಿಸಿದ.

ಅಂದಿನಿಂದ ಚೂಟಿ ಅವನನ್ನು ಏನೆಂದೂ ಕರೆಯಲಿಲ್ಲ. ಒಂದು ವರ್ಷ ಪೂರ್ತಿ! ಮಾತಾಡುತ್ತಿರಲಿಲ್ಲ ಎಂದಲ್ಲ. ಲೆಕ್ಕ ಹೇಳಿಸಿಕೊಳ್ಳುವಳು, ಸೈಕಲ್ಲಿಗೆ ಗಾಳಿ ಹಾಕಿಸಿಕೊಳ್ಳುವಳು. ಆದರೆ ಕರೆಯಬೇಕಾಗಿ ಬಂದರೆ ಮಾತ್ರ ಎದುರು ಬಂದು, ಇವನು ತಲೆ ಎತ್ತುವವರೆಗೆ ಕಂಬದಂತೆ ನಿಲ್ಲುವಳು. ಇಲ್ಲವೇ ಇವನು ಪಕ್ಕದಲ್ಲೇ ಕೂತಿರುವಾಗ, "ಅಮ್ಮಾ, ಅಂಗಡಿಯಿಂದ ಯಾರೋ ಬಂದಿದ್ದಾರೆ ಅಂತ ಹೇಳು" ಎಂದು ಅಡುಗೆಮನೆಯತ್ತ ಕೂಗುವಳು. ಅವನಿಗೆ ಇದು ಒಳಗೊಳಗೇ ಚುಚ್ಚುತ್ತಿತ್ತು. ಯಾರ ಹತ್ತಿರ ಹೇಳಿಕೊಳ್ಳುವುದು? ಒಂದು ದಿನ ಎಲ್ಲರೂ ಎಲ್ಲಾದರೂ ಹೋಗಿ ಬಂದರೆ ಸರಿಹೋದೀತೆಂದು ಜಲಪಾತದ ಯೋಜನೆ ಹಾಕಿದವನು ಅವನೇ.

ಬೆಟ್ಟದ ಬುಡದಲ್ಲಿ ಬಸ್ಸಿಳಿದಾಗ ಬೆಳಗಿನ ಚಳಿ ಇನ್ನೂ ಬಿಟ್ಟಿರಲಿಲ್ಲ. ಮಕ್ಕಳೂ ವಯಸ್ಸಾದವರೂ ನಡೆಯಬಹುದಾದ ದಾರಿ ಎಂದು ಗೇಟಿನ ಬಳಿ ಫಲಕವಿತ್ತು. "ವಯಸ್ಸಾದವರು ಅಂದ್ರೆ ಯಾರು?" ಎಂದು ಅಜ್ಜಿ ಕೋಲೂರಿ ನಿಂತು ಫಲಕವನ್ನೇ ಕೇಳಿದರು. ಕಾವಲುಗಾರ ಚೀಲಗಳನ್ನು ನೋಡಿ ಒಳಗೆ ಬಿಟ್ಟ. ಚೂಟಿಯತ್ತ ಬಗ್ಗಿ, "ನೀರಿನ ಹತ್ರ ಜಾರುತ್ತೆ ಮರಿ, ಅಪ್ಪನ ಕೈ ಬಿಡಬೇಡ" ಎಂದ.

ಚೂಟಿ ಎರಡೂ ಕೈಗಳನ್ನು ಜೇಬಿಗೆ ಹಾಕಿಕೊಂಡಳು. ಬೀಗ ರಿಪೇರಿಯವನು ಸರಿಯಾಗಿಯೇ ಇದ್ದ ಚೀಲದ ಪಟ್ಟಿಯನ್ನು ಇನ್ನೊಮ್ಮೆ ಸರಿಮಾಡಿಕೊಂಡ.

ದಾರಿ ಕಾಡಿನೊಳಗೆ ತಿರುಗಿದ ಕೂಡಲೇ ಅವನು ಸೀಟಿಗಳನ್ನು ಹೊರತೆಗೆದ. ದಾರ ಕಟ್ಟಿದ ಪ್ಲಾಸ್ಟಿಕ್ ಸೀಟಿಗಳು, ಒಳಗೊಂದು ಪುಟ್ಟ ಗುಂಡು. "ಒಂದು ಸಲ ಊದಿದ್ರೆ 'ಇಲ್ಲಿದೀನಿ' ಅಂತ. ಎರಡು ಸಲ ಊದಿದ್ರೆ 'ಇಲ್ಲಿ ಬನ್ನಿ' ಅಂತ."

"ನಾನೇನು ಪೊಲೀಸಾ?" ಎಂದು ಅಜ್ಜಿ ಮೂಗು ಮುರಿದರು. ಚೂಟಿಯ ಕಣ್ಣುಗಳು ಮಾತ್ರ ಅರಳಿದವು.

ಮೊದಲ ತಿರುವು ದಾಟುವುದರೊಳಗೆ ಪೀ, ಪೀ! ಏನಾಯಿತೋ ಎಂದು ಇವನು ಓಡಿದ. ಚೂಟಿ ಎಲೆಯ ಮೇಲಿದ್ದ ಬಸವನಹುಳುವನ್ನು ತೋರಿಸಿದಳು. ಮರದ ಸೇತುವೆಯ ಹತ್ತಿರ ಮತ್ತೆ ಪೀ, ಪೀ! ಶೂ ಲೇಸು ಬಿಚ್ಚಿಹೋಗಿತ್ತು. ನೀರು ಬೇಕೆಂದರೆ ಪೀ, ಪೀ; ಬಿಸ್ಕತ್ತು ಬೇಕೆಂದರೂ ಪೀ, ಪೀ. ಅಮ್ಮನನ್ನು "ಅಮ್ಮಾ" ಎಂದೇ ಕರೆಯುತ್ತಿದ್ದಳು, ಅಜ್ಜಿಯನ್ನು "ಅಜ್ಜೀ" ಎಂದೇ. ಸೀಟಿ ಇವನೊಬ್ಬನಿಗೇ ಮೀಸಲು.

"ಏನಂತಾದ್ರೂ ಕರೀಲಿ ಅಂತ ಒಂದು ವರ್ಷ ಕಾದ್ರಿ" ಎಂದಳು ಹೆಂಡತಿ, ನಗು ತಡೆಯಲಾರದೆ. "ಕೊನೆಗೆ ಕರೆಯೋ ಕಷ್ಟಾನೇ ತಪ್ಪಿಸಿಬಿಟ್ರಲ್ಲ, ಅದೂ ನಿಮ್ಮ ಕೈಯಾರೆ!"

ಅವನೂ ನಕ್ಕ. ಆದರೆ ಆ ನಗು ಗಂಟಲಿನಿಂದ ಕೆಳಗೆ ಇಳಿಯಲಿಲ್ಲ.

ದಾರಿ ಹೊಳೆಯ ಪಕ್ಕದಲ್ಲೇ ಏರುತ್ತಿತ್ತು. ಮರದ ಬೇರುಗಳು ಅಡ್ಡ ಬಂದಲ್ಲಿ ಅವೇ ಮೆಟ್ಟಿಲು. ಅಲ್ಲಲ್ಲಿ ಕೂರಲು ಬೆಂಚುಗಳಿದ್ದವು, ಒಂದನ್ನೂ ಅಜ್ಜಿ ಬಿಡಲಿಲ್ಲ. "ನಂಗೇನೂ ಸುಸ್ತಾಗಿಲ್ಲ. ಕಾಡು ನೋಡ್ತಿದೀನಿ" ಎಂದು ಕಣ್ಣು ಮುಚ್ಚಿಕೊಂಡೇ ಹೇಳುವರು. ದೊಡ್ಡ ಜಲಪಾತಕ್ಕೆ ಮೊದಲು ಪುಟ್ಟ ಪುಟ್ಟ ಧಾರೆಗಳು ಸಿಕ್ಕವು. ಪ್ರತಿಯೊಂದರ ಎದುರೂ ಅಜ್ಜಿ ನಿಂತು, "ಇದಕ್ಕಾ ಇಷ್ಟು ದೂರ ನಡೆಸಿದ್ದು? ನಮ್ಮ ಬಚ್ಚಲಿನ ನಲ್ಲೀಲಿ ಇದಕ್ಕಿಂತ ಜೋರಾಗಿ ಬರುತ್ತೆ" ಎಂದರು. ದೊಡ್ಡ ಜಲಪಾತದ ಎದುರು ಬಂದಾಗ ಮಾತ್ರ ಅವರ ಬಾಯಿ ಕಟ್ಟಿತು. ಬಾಯಿ ಬಿಟ್ಟಿದ್ದರೂ ಕೇಳಿಸುತ್ತಿರಲಿಲ್ಲ, ಅಷ್ಟು ಸದ್ದು. ಮರಗಳ ತುದಿಗಿಂತ ಮೇಲಿನಿಂದ ನೀರು ಬಿದ್ದು, ಕೆಳಗಿನ ಮಡುವಿನ ಸುತ್ತ ಹನಿಯ ಹೊಗೆ ಎಬ್ಬಿಸಿತ್ತು. ಮಡುವಿನ ಆಳದ ಕಡೆಗೆ ಹಗ್ಗ ಕಟ್ಟಿದ್ದರು. ಹಗ್ಗದ ಈಚೆ ಮಕ್ಕಳ ಮೊಣಕಾಲಿಗೂ ಬಾರದ ನೀರು, ಅದರ ತುಂಬ ಕಲ್ಲುಗಳು.

ಚಪ್ಪಟೆ ಬಂಡೆಯ ಮೇಲೆ ಕೂತು ಬ್ರೆಡ್ಡು, ಬೇಯಿಸಿದ ಮೊಟ್ಟೆ, ಕಿತ್ತಳೆ ತಿಂದರು. ಬೇಕಾದದ್ದನ್ನೆಲ್ಲ ಕೈಸನ್ನೆಯಲ್ಲೇ ಕೇಳಿದರು. ಆಮೇಲೆ ಹೆಂಡತಿ ಅಜ್ಜಿಯನ್ನು ಮೇಲಿದ್ದ ಶೌಚಾಲಯಕ್ಕೆ ಕರೆದುಕೊಂಡು ಹೊರಟಳು. ಹೋಗುವಾಗ ಇವನ ಕಿವಿಗೆ ಬಾಯಿ ತಂದು "ಚೂಟೀನ ನೋಡ್ಕೊಳ್ಳಿ" ಎಂದು ಕೂಗಿದಳು.

ಅವನು ನೋಡಿಕೊಳ್ಳುತ್ತಲೇ ಇದ್ದ. ಚೂಟಿ ಕಲ್ಲಿಂದ ಕಲ್ಲಿಗೆ ಹಾರುತ್ತಿದ್ದಳು, ಇವನು ದಡದಲ್ಲಿ ಕೂತು ಊಟದ ಡಬ್ಬಿ ತೊಳೆಯುತ್ತಿದ್ದ. ಡಬ್ಬಿಯ ಮುಚ್ಚಳ ಕೈಜಾರಿ ನೀರಿನ ಜೊತೆ ಹೊರಟಿತು. ಹೆಂಡತಿಯ ಮೆಚ್ಚಿನ ಡಬ್ಬಿ. ಅವನು ಎದ್ದು, ಬೆನ್ನು ತಿರುಗಿಸಿ, ಬಗ್ಗಿ ಅದರ ಹಿಂದೆ ಹೋದ. ಮುಚ್ಚಳ ಎರಡು ಕಲ್ಲುಗಳ ಸುತ್ತ ಆಟ ಆಡಿಸಿ ಕೊನೆಗೆ ಕೈಗೆ ಸಿಕ್ಕಿತು.

ಆಗ ಆ ಸದ್ದಿನ ಒಳಗಿನಿಂದ ಏನೋ ಕೇಳಿಸಿತು.

"ಕೀಲಿ ಮಾಮಾ!"

ಭ್ರಮೆ ಎಂದುಕೊಂಡ. ಮತ್ತೆ ಬಂತು, ಈ ಸಲ ಗಂಟಲು ಹರಿಯುವಷ್ಟು ಜೋರಾಗಿ. ಇಡೀ ಜಗತ್ತಿನಲ್ಲಿ ಅವನನ್ನು ಹಾಗೆ ಕರೆಯುವ ಜೀವ ಇದ್ದದ್ದು ಒಂದೇ. ಮುಚ್ಚಳವನ್ನು ಅಲ್ಲೇ ಬಿಟ್ಟು ತಿರುಗಿ ಓಡಿದ.

ಚೂಟಿ ನೀರಿನ ನಡುವೆ ವಾರೆಯಾಗಿ ನಿಂತಿದ್ದಳು. ಒಂದು ಕಾಲು ಎರಡು ಕಲ್ಲುಗಳ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ಅಪಾಯವೇನೂ ಇರಲಿಲ್ಲ. ಆದರೆ ಸಿಕ್ಕಿಕೊಂಡ ಕಾಲು ಯಾರದೋ ಅವರಿಗೇ ಗೊತ್ತು ಅದರ ದಿಗಿಲು. ಮುಖ ಕೆಂಪಾಗಿತ್ತು. ಕಾಲನ್ನು ಎಳೆದೆಳೆದು ಸುಸ್ತಾಗಿದ್ದಳು.

"ಎಳೀಬೇಡ, ಎಳೀಬೇಡ" ಎಂದು ಅವಳ ಪಕ್ಕ ನೀರಿನಲ್ಲೇ ಮಂಡಿಯೂರಿದ. "ಎಳೆದಷ್ಟೂ ಬಿಗಿಯಾಗುತ್ತೆ. ನನ್ನ ಹೆಗಲು ಹಿಡ್ಕೋ. ಕಾಲನ್ನ ಮೊದಲು ಒಳಕ್ಕೇ ಒತ್ತು. ಹಾಂ, ಹಾಗೆ."

ನೀರಿನೊಳಗೆ ಕೈಯಿಟ್ಟು, ತಡಕಾಡುತ್ತಲೇ ಲೇಸು ಬಿಚ್ಚಿದ. ಹಿಮ್ಮಡಿಯನ್ನು ಹಿಡಿದು ಸ್ವಲ್ಪ ತಿರುಗಿಸಿದ. ಕಾಲು ಶೂವಿನಿಂದ ಸಲೀಸಾಗಿ ಹೊರಬಂತು. ಶೂವನ್ನೂ ಆಚೀಚೆ ಅಲ್ಲಾಡಿಸಿ ತೆಗೆದ. ಅವಳನ್ನು ಎತ್ತಿಕೊಂಡು ಬಂಡೆಯ ಮೇಲೆ ಕೂರಿಸಿದ. ಪಾದ ಕೆಂಪಾಗಿತ್ತು, ಅಷ್ಟೆ. ಇಬ್ಬರೂ ಕಿವಿಗೆ ಕಿವಿ ತಾಗುವಷ್ಟು ಹತ್ತಿರ ಕೂತರು, ಇಲ್ಲದಿದ್ದರೆ ಮಾತು ಕೇಳಿಸುವಂತಿರಲಿಲ್ಲ.

"ಸೀಟಿ ಊದ್ಬೇಕಿತ್ತು."

"ಊದಿದೆ. ನೀರು ಹೋಗಿದೆ. ಬರೀ ಉಸ್ ಅಂತಿದೆ." ಸೀಟಿಯನ್ನು ಅಲ್ಲಾಡಿಸಿ ತೋರಿಸಿದಳು. "ಆಮೇಲೆ 'ಹಲೋ' ಅಂದೆ. 'ಇಲ್ಲಿ ನೋಡಿ' ಅಂದೆ. ಅಮ್ಮನ ಥರ 'ರೀ' ಅಂತಾನೂ ಅಂದೆ. ನೀವು ತಿರುಗ್ಲೇ ಇಲ್ಲ."

"ಆಮೇಲೆ?"

ಅವಳು ಮೇಲಿನ ದಾರಿಯತ್ತ ಕಳ್ಳನೋಟ ಬೀರಿದಳು. "ಅಜ್ಜಿಗೆ ಹೇಳ್ಬೇಡಿ."

"ಕಾಲು ಸಿಕ್ಕಿಕೊಂಡಿದ್ದಾ? ಅದಕ್ಕೆ ಯಾರೂ ಬಯ್ಯಲ್ಲ."

"ಅದಲ್ಲ. ಕೀಲಿ ಮಾಮ ಅಂದಿದ್ದು."

ಬೀಗ ರಿಪೇರಿಯವನು ಒದ್ದೆ ಶೂವನ್ನು ಬೋರಲು ಹಾಕಿ ನೀರು ಸುರಿದ. ಈ ಹುಡುಗಿ ತನಗೊಂದು ಹೆಸರು ಕೊಡುತ್ತಿಲ್ಲ ಎಂದು ಅವನು ಒಂದು ವರ್ಷ ಕೊರಗಿದ್ದ. ಹೆಸರು ಅವಳು ಯಾವತ್ತೋ ಕೊಟ್ಟಾಗಿತ್ತು. ದೊಡ್ಡವರೆಲ್ಲ ಸೇರಿ ಅದನ್ನು ಅವಳಿಂದ ಕಿತ್ತುಕೊಂಡಿದ್ದರು, ಅವನೂ ತಲೆ ತಗ್ಗಿಸಿ ಊಟ ಮಾಡುತ್ತ ಅದಕ್ಕೆ ಸೈ ಎಂದಿದ್ದ. ಅವನಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಹೇಳಬಾರದ ಮಾತೊಂದನ್ನು ವರ್ಷಪೂರ್ತಿ ನಾಲಿಗೆಯ ತುದಿಯಲ್ಲಿ ತಡೆದಿಟ್ಟ ಈ ಪುಟ್ಟ ಜೀವವನ್ನು ನೆನೆದು ಸಂಕಟವಾಯಿತು.

"ನಾನೇ ಹೇಳ್ತೀನಿ" ಎಂದ. ಅವಳ ಮುಖ ಸಣ್ಣದಾಯಿತು. "ಬೇರೆ ಥರ ಹೇಳ್ತೀನಿ" ಎಂದು ಸೇರಿಸಿದ.

ಹೆಂಡತಿಯೂ ಅಜ್ಜಿಯೂ ಬಂದು ಒದ್ದೆ ಶೂ ನೋಡಿ ಗಾಬರಿಯಾದರು. ಪಾದವನ್ನು ತಿರುಗಿಸಿ ಮುರುಗಿಸಿ ನೋಡಿ, ಸಮಾಧಾನವಾದ ಮೇಲೆ ಅವನನ್ನೇ ನಾಲ್ಕು ಮಾತು ಬೈದರು. ಅವನು ಬೈಸಿಕೊಂಡ. ಸದ್ದು ಕಡಿಮೆಯಾಗುವಷ್ಟು ದೂರ ಇಳಿದು ಬಂದ ಮೇಲೆ ಒಂದು ಬೆಂಚಿನ ಹತ್ತಿರ ಎಲ್ಲರನ್ನೂ ನಿಲ್ಲಿಸಿದ.

"ಇವತ್ತಿಂದ ಚೂಟಿ ನನ್ನನ್ನ ಕೀಲಿ ಮಾಮ ಅಂತಲೇ ಕರೀತಾಳೆ. ಮೊದಲಿನ ಹಾಗೇ."

ಹೆಂಡತಿಯ ಮುಖ ಬಾಡಿತು. "ನಾನು ಅಪ್ಪ ಅನ್ನು ಅಂದಿದ್ದು ನಿಮಗೋಸ್ಕರ ರೀ."

"ಗೊತ್ತು. ನಂಗೂ ಆಸೆ ಇತ್ತು, ಸುಳ್ಳು ಯಾಕೆ ಹೇಳ್ಲಿ? ಆದ್ರೆ ಅದಕ್ಕೆ ಅವಳ ಹತ್ರ ಒಬ್ಬರಿದ್ದಾರೆ. ಇನ್ನೊಬ್ಬರ ಮನೆ ಬಾಗಿಲು ನಾನು ತೆಗೆಯಲ್ಲ. ನಿಂಗೇ ಗೊತ್ತಲ್ಲ, ಅವತ್ತು ಕೀಲಿ ಒಳಗೇ ಬಿಟ್ಟಾಗ ನೀನು ನಂಗೆ ಎಷ್ಟು ಬೈದಿದ್ದೆ."

ಅವಳು ಮಗಳ ಒದ್ದೆ ಕಾಲುಚೀಲವನ್ನು ಹಿಂಡತೊಡಗಿದಳು.

"ಅಳಿಯಂದ್ರೇ" ಎಂದು ಶುರುಮಾಡಿದರು ಅಜ್ಜಿ, "ಸಂಬಂಧ ಅಂತ ಒಂದಿರುತ್ತೆ..."

"ಅತ್ತೆ, ನಿಮಗೆ ಗಂಡುಮಕ್ಕಳಿಲ್ಲ. ಅಳಿಯಾನೂ ನಾನೇ, ಮಗಾನೂ ನಾನೇ ಆಗಿರ್ತೀನಿ. ಎರಡು ಕೆಲಸಕ್ಕೂ ಒಂದೇ ಊಟ ಹಾಕಿ ಸಾಕು."

ಅಜ್ಜಿ ಅವನನ್ನು ನೋಡಿದರು. ಕಣ್ಣು ಒಂದಿಷ್ಟು ತೇವವಾದಂತಿತ್ತು. "ನೀರಿನ ಸದ್ದಿಗೆ ಏನೂ ಕೇಳಿಸ್ತಿಲ್ಲ" ಎಂದು ಕೋಲೂರಿಕೊಂಡು ಮುಂದೆ ನಡೆದೇಬಿಟ್ಟರು. ಅಲ್ಲಿ ಹಕ್ಕಿ ರೆಕ್ಕೆ ಬಡಿದರೂ ಕೇಳಿಸುತ್ತಿತ್ತು.

ಇಳಿಯುವ ದಾರಿಯಲ್ಲಿ ಸೀಟಿ ಒಣಗಿತು, ಆದರೆ ಯಾರೂ ಅದನ್ನು ಊದಲಿಲ್ಲ. ಬೇರು ಕಂಡರೆ "ಕೀಲಿ ಮಾಮ, ಇಲ್ಲಿ ಜಾರುತ್ತೆ." ಸೇತುವೆ ಬಂದರೆ "ಕೀಲಿ ಮಾಮ, ಇದು ಅಲ್ಲಾಡುತ್ತೆ." ಒಂದು ತಿರುವಿನಲ್ಲಿ "ಕೀಲಿ ಮಾಮ" ಎಂದು ಕರೆದು, ಅವನು "ಏನಮ್ಮ?" ಎಂದಾಗ "ಏನಿಲ್ಲ" ಎಂದಳು. ಅವನಿಗೆ ಅಷ್ಟು ಖುಷಿಯಾದದ್ದು ಇಡೀ ವರ್ಷದಲ್ಲಿ ಇನ್ನೊಂದಿಲ್ಲ.

ಗೇಟಿನಲ್ಲಿ ಬೆಳಗಿನ ಕಾವಲುಗಾರನೇ ಇದ್ದ. "ಭೇಷ್ ಮರಿ, ಅಪ್ಪನ ಕೈ ಹಿಡ್ಕೊಂಡೇ ಬಂದ್ಯಲ್ಲ" ಎಂದ.

"ಇವರು ಅಪ್ಪ ಅಲ್ಲ" ಎಂದಳು ಚೂಟಿ. "ನಮ್ಮ ಕೀಲಿ ಮಾಮ."

"ಓಹೋ, ಅಮ್ಮನ ತಮ್ಮನಾ?"

ಹೆಂಡತಿ ನೆಲ ನೋಡಿದಳು. ಬೀಗ ರಿಪೇರಿಯವನು ಬಾಯಿ ತೆರೆಯುವುದರೊಳಗೆ ಅಜ್ಜಿ ಕೋಲೂರಿಕೊಂಡು ಮುಂದೆ ಬಂದರು.

"ತಮ್ಮನೂ ಅಲ್ಲ, ಅಣ್ಣನೂ ಅಲ್ಲ. ನನ್ನ ಅಳಿಯ, ಇವಳ ಅಮ್ಮನ ಗಂಡ. ನಮ್ಮನೇಲಿ ಹಾಗೇ ಕರೆಯೋದು. ಏನೀಗ?"

ಕಾವಲುಗಾರ ತಬ್ಬಿಬ್ಬಾಗಿ ಗೇಟು ತೆರೆದ. ನಾಲ್ವರೂ ಬಸ್ಸಿನ ಕಡೆಗೆ ನಡೆದರು. ಚೂಟಿಯ ಒದ್ದೆ ಶೂ ಹೆಜ್ಜೆಹೆಜ್ಜೆಗೂ ಪಚಪಚ ಎನ್ನುತ್ತಿತ್ತು, ಅವಳು ಕೈ ಬಿಟ್ಟಿರಲಿಲ್ಲ.