ಒರೆಸದ ಹೆಜ್ಜೆ

ನೆಲ ಒರೆಸುವವಳ ಕಾಲಿನ ಅಚ್ಚಿಗೇ ಹೊಲಿದದ್ದೆಂದು ವಿಮೆಗೆ ಬಿಲ್ ಹಾಕಿ, ಉಗ್ರಾಣದ ರಾಶಿಯಿಂದ ಎಳೆದ ಒಂದು ಜೊತೆ ಬೂಟನ್ನು ಅವಳ ಮುಂದಿಟ್ಟರು.

“ಬೇಗ ಹಾಕ್ಕೊಳಮ್ಮ. ಹೊರಗಡೆ ಇನ್ನೂ ಹನ್ನೊಂದು ಜನ ಬೂಟಿಗೆ ಕಾಯ್ತಾವ್ರೆ,” ಎಂದ ಬೂಟಿನ ಕಂಪನಿಯವನು.

ಅದು ಆಸ್ಪತ್ರೆಯ ಬಿಲ್ಲಿನ ಕೋಣೆ. ಇಪ್ಪತ್ತು ವರ್ಷದಿಂದ ದಿನಕ್ಕೆರಡು ಸಲ ಅವಳೇ ಒರೆಸಿದ ಬಿಳಿ ಟೈಲ್ಸು. ಅಲ್ಲಿನ ಕುರ್ಚಿಯಲ್ಲಿ ಕೂತದ್ದು ಇವತ್ತೇ ಮೊದಲು, ಅದೂ ತುದಿಯಲ್ಲಿ. ಪಕ್ಕದಲ್ಲಿ ಬಕೆಟ್ಟು, ಒರೆಸುವ ಕೋಲು. ಬಾಗಿಲಿಗೆ ಒರಗಿ ನಿಂತವಳು ನಾದಿನಿ, ಅದೇ ಆಸ್ಪತ್ರೆಯ ಆಯಾ.

ಬಲಗಾಲು ತೂರಿಸಿದಳು. ಹೋಯಿತು.

“ಬಿಗಿ ಅನ್ಸುತ್ತಾ?”

“ಗೊತ್ತಾಗಲ್ಲ ಸಾರ್.”

“ನೋವು?”

“ಇಲ್ಲ. ಸಕ್ಕರೆ ಕಾಯಿಲೆ ಕಾಲು, ಕೊಳ್ಳಿ ಇಟ್ರೂ ಗೊತ್ತಾಗಲ್ಲ. ಗೊತ್ತಾಗಂಗಿದ್ರೆ ನಿಮ್ ಬೂಟು ನಂಗ್ಯಾಕೆ?”

ಬಿಲ್ಲಿನ ಗುಮಾಸ್ತ ತಲೆ ಎತ್ತದೆ ಬರೆದ: ‘ನೋವಿಲ್ಲ. ಸರಿಯಾಗಿ ಹೊಂದಿದೆ.’ ಕಾಗದವನ್ನು ಅವಳ ಕಡೆ ತಳ್ಳಿದ. “ಇಲ್ಲಿ ಸೈನ್ ಹಾಕು.”

ಪೆನ್ನು ಕೈಗೆ ಬಂತು. ಕಣ್ಣು ಮಾತ್ರ ಕಾಲಿನ ಮೇಲೇ ಇತ್ತು.

ಹೋದ ವರ್ಷ ಹೆರಿಗೆ ವಾರ್ಡಿನ ಮೊಗಸಾಲೆ ಒರೆಸುತ್ತಿದ್ದಾಗ ತಿರುಗಿ ನೋಡಿದರೆ ಒರೆಸಿದಲ್ಲೆಲ್ಲ ಕೆಂಪು ಕಲೆ. “ಯಾವ ಬೋಳೀಮಗ ತುಳ್ಕೊಂಡು ಹೋದ್ನೋ!” ಎಂದು ಬೈದು ಮತ್ತೆ ಒರೆಸಿದಳು. ಮತ್ತೆ ಕಲೆ. ಮೂರನೇ ಸಲಕ್ಕೆ ನಾದಿನಿ ಕೂಗಿದ್ದಳು, “ಅಯ್ಯೋ ಅತ್ತಿಗೆ, ಅದು ನಿಮ್ಮದೇ ಕಣ್ರೀ!” ಚಪ್ಪಲಿಯೊಳಗಿಂದ ಮೊಳೆಯೊಂದು ಬೆಳಗಿನಿಂದ ಬಲಗಾಲು ಕೊರೆದಿತ್ತು. ಕಿರುಬೆರಳು ಹೋಯಿತು. ಹುಣ್ಣು ಮಾಗಲು ಏಳು ತಿಂಗಳು. ಇನ್ನೊಂದು ಹುಣ್ಣಾದರೆ ಪಾದವೇ ಇಲ್ಲ ಎಂದಿದ್ದರು ಡಾಕ್ಟರು.

ವಿಮೆ ಕೊಡುವುದು ವರ್ಷಕ್ಕೆ ಒಂದೇ ಜೊತೆ. ಸೈನ್ ಬಿತ್ತೋ, ಆ ವರ್ಷ ಮುಗಿಯಿತು.

ಪೆನ್ನು ಮೇಜಿನ ಮೇಲಿಟ್ಟಳು. ಬೂಟು ಬಿಚ್ಚಿ, ಬೆರಳು ತೂರಿಸಿ ಒಳಗಿನ ಅಟ್ಟೆಯನ್ನು ಸರಕ್ಕನೆ ಕಿತ್ತಳು.

“ಏಯ್, ಏನಮ್ಮ ಅದು!” ಕಂಪನಿಯವನು ಹೌಹಾರಿದ.

“ತಡಿಯಪ್ಪ. ನನ್ ಕಾಲು ಮಾತಾಡಲ್ಲ. ನೆಲ ಮಾತಾಡ್ಲಿ.”

ಒರೆಸುವ ಬಟ್ಟೆಯ ಮೇಲೆ ಬರಿಗಾಲು ಒತ್ತಿದಳು.

“ಕೊಳೆ ನೀರು ಅತ್ತಿಗೆ!”

“ತೊಳ್ಕೋತೀನಿ ಬಿಡೇ.”

ಎದ್ದು ಬಿಳಿ ಟೈಲ್ಸಿನ ಮೇಲೆ ಪೂರ್ತಿ ಭಾರ ಹಾಕಿ ಒಂದು ಹೆಜ್ಜೆ ಇಟ್ಟಳು. ಕಪ್ಪಗೆ ಮೂಡಿತು: ನಾಲ್ಕು ಬೆರಳು, ಕಿರುಬೆರಳಿನ ಕಡೆ ಖಾಲಿ, ಅದರ ಕೆಳಗೆ ಹೊರಕ್ಕೆ ಉಬ್ಬಿದ ಮೂಳೆಯ ಗುರುತು. ಅಟ್ಟೆಯನ್ನು ಅದರ ಮೇಲಿಟ್ಟಳು. ಹೆಜ್ಜೆ ಒಂದು ಬೆರಳಗಲ ಆಚೆ ಚಾಚಿತ್ತು. ಹುಣ್ಣು ಮಾಗಿದ ಜಾಗ ಸರಿಯಾಗಿ ಅಟ್ಟೆಯ ಅಂಚಿಗೇ ಬಂದಿತ್ತು.

“ಫೋಮಿನ ಪೆಟ್ಟಿಗೇಲಿ ಕಾಲೂರಿಸಿ ಅಚ್ಚು ತಗೊಂಡು ಹೋದ್ಯಲ್ಲ, ಅದೆಲ್ಲಪ್ಪ? ಬೆರಳಿಲ್ಲದ ಕಡೆ ಮೆತ್ತೆ ತುಂಬಿಸ್ತೀನಿ ಅಂದಿದ್ದೆ, ಅದೆಲ್ಲಿ? ಐದು ಬೆರಳಿರೋ ಯಾವ ಮಹಾರಾಣಿ ಕಾಲಿಗೋ ಇದು?”

ಕಂಪನಿಯವನು ಗುಮಾಸ್ತನ ಮುಖ ನೋಡಿದ. ಬಾಗಿಲಲ್ಲಿ ಒಂದೊಂದಾಗಿ ತಲೆಗಳು ಇಣುಕಿದವು.

“ನೆಲ ಒರ್ಸೋಳಿಗೆ ಬೂಟು ಸಿಕ್ಕಿದ್ದೇ ಹೆಚ್ಚು,” ಗುಮಾಸ್ತ ಹಲ್ಲು ಕಡಿದ. “ಎರಡು ಸಾಕ್ಸ್ ಹಾಕ್ಕೋ, ಸರಿಹೋಗುತ್ತೆ.”

“ಬಿಗಿಯಾಗಿರೋ ಬೂಟಿಗೆ ಎರಡು ಸಾಕ್ಸಾ? ನಿನ್ ಬುದ್ಧಿಗಿಷ್ಟು! ಇದನ್ನ ಹಾಕ್ಕೊಂಡು ಒಂದು ವಾರ ಒರೆಸಿದ್ರೆ ನನ್ ಪಾದ ಕೊಯ್ದು ಬಕೆಟ್ಟಿಗೆ ಹಾಕ್ತಾರೆ. ಆ ಬಕೆಟ್ಟೂ ನಾನೇ ತೊಳೀಬೇಕು.”

ಗುಮಾಸ್ತ ಕುರ್ಚಿ ಹಿಂದಕ್ಕೆ ದಬ್ಬಿ ಎದ್ದ. ಅವನ ಕಣ್ಣು ಬಾಗಿಲ ಕಡೆ, ಆಮೇಲೆ ನೆಲದ ಕಡೆ ಹೋಯಿತು. ಹನ್ನೊಂದು ಜನರೂ ಆ ಹೆಜ್ಜೆಯನ್ನೇ ನೋಡುತ್ತಿದ್ದರು.

“ಒರ್ಸೇ ಅದನ್ನ ಮೊದ್ಲು! ಒರೆಸಿ, ಸೈನ್ ಹಾಕಿ, ತೊಲಗು. ಇಲ್ದಿದ್ರೆ ನಾಳೆಯಿಂದ ಈ ಕಡೆ ತಲೆ ಹಾಕ್ಬೇಡ.”

ಹೆದರಿದ ನಾದಿನಿ ತಾನೇ ಒರೆಸಿಬಿಡೋಣವೆಂದು ಕೋಲಿಗೆ ಕೈಹಾಕಿದಳು. ಇವಳು ಅದನ್ನು ಕಿತ್ತುಕೊಂಡು ಹೆಜ್ಜೆಯ ಪಕ್ಕದಲ್ಲಿ ನೆಟ್ಟಗೆ ಊರಿ ನಿಂತಳು.

“ಒರ್ಸಲ್ಲ. ನೀನೂ ಮುಟ್ಬೇಡ ಅದನ್ನ.”