ಬೇಲಿಯ ಮರೆಯ ಬಲಗೈ

ವೈಕುಂಠ ಸಮಾರಾಧನೆ ಮುಗಿದು ಎಡಿಸನ್ ಊರಿನ ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ, ನ್ಯೂಯಾರ್ಕಿಗೆ ಹತ್ತಿರದ ಕೆಂಡಲ್ ಪಾರ್ಕಿನ ಮನೆಯೆದುರು ಎಂದಿನಂತೆ ಕಸದ ಲಾರಿ ಬಂದು ಹೋಯಿತು. ಡಬ್ಬ ಹೊರಗಿಡುವುದನ್ನು ಗಾರ್ಗಿ ಮರೆತಿದ್ದಳು. ಅದು ಗಂಡ ಅನಿರುದ್ಧನ ಕೆಲಸವಾಗಿತ್ತು.

ಇನ್ನೊಂದು ಕೆಲಸ ಮರೆಯುವಂತಿರಲಿಲ್ಲ. ಪಕ್ಕದ ಬೀದಿಯ ಮಾರ್ಗರೆಟ್, ಕಲೆಯ ಇತಿಹಾಸ ಕಲಿಸಿ ನಿವೃತ್ತರಾದವರು, ತಮ್ಮ ಹಳೆಯ ಚಿತ್ರಗಳನ್ನೆಲ್ಲ ಕಾಲೇಜಿಗೆ ಕೊಡುತ್ತಿದ್ದರು. ಮಧ್ಯಾಹ್ನ ವ್ಯಾನ್ ಬರುವುದಿತ್ತು. ಅನಿರುದ್ಧ ಅವರಿಂದ ಎರವಲು ತಂದಿದ್ದ ಒಂದು ಚಿತ್ರ ಇನ್ನೂ ಊಟದ ಮೇಜಿನ ಮೇಲಿತ್ತು.

ಮುನ್ನೂರೈವತ್ತು ವರ್ಷದ ಹಿಂದೆ ತಾಮ್ರದ ತಗಡಿನಲ್ಲಿ ಕೊರೆದು ಕಾಗದಕ್ಕೆ ಒತ್ತಿದ್ದು. ಯಾವನೋ ದೊರೆಯ ಅರಮನೆ, ಕಾರಂಜಿ, ಹುಲ್ಲಿನ ಮೇಲೆ ಪರಿವಾರದ ಭೋಜನ. ಮರಗಳೂ ಸಾಲಾಗಿ ನಿಂತು ಸಲಾಮು ಹೊಡೆಯುವಂತಿದ್ದವು. ಕಣ್ಣಿಗೆ ಬಿದ್ದದ್ದೆಲ್ಲ ತನ್ನದೆಂದು ಊರಿಗೆ ಸಾರಲು ದೊರೆ ಮಾಡಿಸಿದ್ದು ಎಂದು ಮಾರ್ಗರೆಟ್ ಹೇಳಿದ್ದರು.

ಆ ಗುರುವಾರ ಸಂಜೆ ಅನಿರುದ್ಧ ಇದನ್ನು ಭೂತಗನ್ನಡಿಯಲ್ಲಿ ನೋಡುತ್ತ ಬಿದ್ದು ಬಿದ್ದು ನಕ್ಕಿದ್ದ.

"ಏನೋ ಅದು?"

"ನೀನೇ ಹುಡುಕು. ಶನಿವಾರ ಟೀಚರ್ ಎದುರಿಗೇ ಹೇಳ್ತೀನಿ."

ಶುಕ್ರವಾರ, ನ್ಯೂಯಾರ್ಕಿನ ರೈಲಿನಲ್ಲಿ, ಅವನ ಹೃದಯ ನಿಂತಿತು. ಆ ನಗು ಯಾತಕ್ಕೆಂದು ತಿಳಿಯದೆ ಚಿತ್ರವನ್ನು ಕೈಬಿಡಲು ಅವಳಿಗೆ ಮನಸ್ಸಿರಲಿಲ್ಲ.

ಮೈಸೂರಿನಿಂದ ಬಂದಿದ್ದ ಅತ್ತೆ ಪಂಕಜಾ ಉಪ್ಪಿಟ್ಟಿನ ತಟ್ಟೆ ಇಟ್ಟು ಬಗ್ಗಿ ನೋಡಿದರು.

"ಇದೇನೇ ಗಾರ್ಗಿ, ಎಲ್ಲಾ ಎಡಗೈಯಲ್ಲಿ ತಿಂತಿದಾರೆ! ಅಷ್ಟು ದೊಡ್ಡ ಅರಮನೆ ಇಟ್ಕೊಂಡು ಊಟ ಮಾಡೋದು ಕಲೀಲಿಲ್ವಾ? ನಮ್ಮ ಅನಿಗೆ ಇದಕ್ಕೇ ಎಷ್ಟು ಏಟು ಕೊಟ್ಟಿದೀನಿ!"

ಗಾರ್ಗಿ ಭೂತಗನ್ನಡಿ ಹಿಡಿದಳು. ಹೌದು. ದೊರೆಯೂ ಎಡಚ.

"ರಬ್ಬರ್ ಸ್ಟಾಂಪ್ ಥರ ಅತ್ತೆ. ತಗಡಿನ ಮೇಲೆ ಸರಿಯಾಗಿ ಕೊರೆದ್ರೆ ಕಾಗದದಲ್ಲಿ ಎಡಬಲ ತಿರುಗಿ ಬರತ್ತೆ."

"ಮತ್ತೆ ಇವನೊಬ್ಬ ಸರಿಯಾಗಿ ತಿಂತಿದಾನಲ್ಲ?"

ಅತ್ತೆಯ ಉಗುರು ಮೂಲೆಯಲ್ಲಿತ್ತು. ಬೇಲಿಯ ಮರೆಯಲ್ಲಿ, ಅರಮನೆಗೆ ಬೆನ್ನು ಹಾಕಿ, ಗುದ್ದಲಿ ಪಕ್ಕಕ್ಕಿಟ್ಟು ತೋಟದಾಳೊಬ್ಬ ಬಲಗೈಯಲ್ಲಿ ರೊಟ್ಟಿ ತಿನ್ನುತ್ತಿದ್ದ. ಉಳಿದವರನ್ನು ದೊರೆ ಒಪ್ಪಿದ ನಕ್ಷೆಯಿಂದ ಹಾಗೇ ನಕಲು ಮಾಡಿದ್ದರು. ಇವನನ್ನು ಮಾತ್ರ ಕೊರೆಯುವವನು ತಾನೇ ಲೆಕ್ಕ ಹಾಕಿ, ತಿರುಗಿಸಿ ಕೊರೆದು, ಯಾರನ್ನೂ ಕೇಳದೆ ಒಳಗೆ ಕೂರಿಸಿದ್ದ.

ಗಾರ್ಗಿಗೆ ನಗು ಉಕ್ಕಿತು. ಬಾಯಲ್ಲಿದ್ದ ಉಪ್ಪಿಟ್ಟು ನೆತ್ತಿಗೆ ಹತ್ತಿತು. ಅತ್ತೆ ಅವಳ ತಲೆ ತಟ್ಟಿದರು.

"ಮೆಲ್ಲಗೆ. ನೆನೆಸ್ಕೋತಿದಾನೆ ಕಣೇ."

ಇಬ್ಬರೂ ಕಣ್ಣೊರೆಸಿಕೊಂಡು ಮತ್ತೆ ನಕ್ಕರು.

ಮಧ್ಯಾಹ್ನ ಮಾರ್ಗರೆಟ್ ಬಾಗಿಲಲ್ಲೇ ಕಥೆ ಕೇಳಿದರು. "ಮೂವತ್ತು ವರ್ಷ ಪಾಠ ಮಾಡಿದೆ, ಬರೀ ದೊರೆಯನ್ನೇ ತೋರಿಸಿದೆ!" ಎಂದು ಊರುಗೋಲು ಕುಟ್ಟಿ ನಕ್ಕು, ಚಿತ್ರಕ್ಕಾಗಿ ಎಡಗೈ ಚಾಚಿದರು. ಫಕ್ಕನೆ ನೆನಪಾಗಿ, ಊರುಗೋಲನ್ನು ಆ ಕೈಗೆ ಬದಲಾಯಿಸಿದರು.

ಗಾರ್ಗಿ ಚಿತ್ರವನ್ನು ಅವರ ಬಲಗೈಯಲ್ಲಿಟ್ಟಳು.